ಹೆಸರಿನ ಪಕ್ಕ ಯಾರು?



ಕನ್ನಡದ ಯಾವುದಾದರೂ ಹೊಸ ಪುಸ್ತಕವನ್ನು ಕೈಗೆತ್ತಿಕೊಂಡು ಬೆನ್ನು ತಿರುಗಿಸಿ ನೋಡಿ. ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾದ ಒಂದು ಭಾವಚಿತ್ರ, ಅದರ ಕೆಳಗೆ ಎಂಟು ಹತ್ತು ಸಾಲು. ಇವರು ಇಂಥ ಜಿಲ್ಲೆಯ ಇಂಥ ಊರಿನವರು, ಇಷ್ಟು ಓದಿದ್ದಾರೆ, ಇಂಥ ಕಡೆ ನೌಕರಿ, ಇಂತಿಂಥ ಪ್ರಶಸ್ತಿಗಳು ಇವರಿಗೆ ಸಂದಿವೆ, ಓದು ಮತ್ತು ಪ್ರವಾಸ ಇವರ ಹವ್ಯಾಸಗಳು, ಸದ್ಯ ಬೆಂಗಳೂರಿನಲ್ಲಿ ವಾಸ. ಇದನ್ನು ಬರೆದವರು ಯಾರು ಅಂತೀರಿ? ಹತ್ತರಲ್ಲಿ ಒಂಬತ್ತು ಸಲ ಲೇಖಕರೇ. ತಮ್ಮನ್ನು ತಾವೇ 'ಇವರು' ಎಂದು ಕರೆದುಕೊಂಡು, ತಮ್ಮ ಬೆನ್ನು ತಟ್ಟುತ್ತಿರುವ ಕೈ ಬೇರೆ ಯಾರದೋ ಎಂಬಂತೆ ಬರೆದು, ಪ್ರಕಾಶಕರಿಗೆ ಕಳಿಸಿಕೊಟ್ಟಿರುತ್ತಾರೆ. ಪ್ರಕಾಶಕರಿಗೂ ಗೊತ್ತು, ಓದುವವರಿಗೂ ಗೊತ್ತು. ಆದರೂ ಎಲ್ಲರೂ ಗೊತ್ತಿಲ್ಲದವರ ಹಾಗೆ ಇದ್ದುಬಿಡುತ್ತೇವೆ.

ಹೊಸದಾಗಿ ಬರೆಯಲು ಹೊರಟ ಹುಡುಗ ಹುಡುಗಿಯರು ಕೇಳುವ ಪ್ರಶ್ನೆ ಇದೇ. 'ಸರ್, ಕಥೆ ಬರೆದಾಯ್ತು. ಪರಿಚಯ ಕೊಡಿ ಅಂತಾರೆ. ನನ್ನ ಬಗ್ಗೆ ಹೇಳೋಕೆ ಏನಿದೆ? ಪ್ರಶಸ್ತಿ ಬಂದಿಲ್ಲ, ಪುಸ್ತಕ ಬಂದಿಲ್ಲ.' ಇನ್ನೂರು ಪುಟ ಬರೆಯುವಾಗ ನಡುಗದ ಕೈ ಹತ್ತು ಸಾಲಿಗೆ ನಡುಗುತ್ತದೆ. ಅವರ ಕಷ್ಟ ನಿಜವೇ. ಆದರೆ ಪ್ರಶಸ್ತಿಯ ಪಟ್ಟಿಯನ್ನೇ ಪರಿಚಯ ಎಂದುಕೊಂಡಿರುವುದರಿಂದ ಬಂದ ಕಷ್ಟ ಅದು. ನಾನು ಲೇಖಕರ ಪರಿಚಯವನ್ನು ಓದುವಾಗ ನೋಡುವುದು ಬೇರೆಯೇ. ಈ ಮನುಷ್ಯ ಓದುಗರ ಮುಂದೆ ಬಂದು ನಿಂತಾಗ ತನ್ನ ಹೆಸರಿನ ಪಕ್ಕದಲ್ಲಿ ಯಾರನ್ನು ನಿಲ್ಲಿಸಿಕೊಂಡಿದ್ದಾನೆ? ಯಾರನ್ನು ಮನೆಯಲ್ಲೇ ಬಿಟ್ಟು ಬಂದಿದ್ದಾನೆ? ಈ ಎರಡು ಗೊತ್ತಾದರೆ ಉಳಿದದ್ದನ್ನು ಅವನ ಬರವಣಿಗೆಯೇ ಹೇಳುತ್ತದೆ.

ನಮ್ಮಲ್ಲಿ ಇದಕ್ಕೆ ಸಾವಿರ ವರ್ಷಕ್ಕೂ ಮೀರಿದ ಉದಾಹರಣೆಗಳಿವೆ. ಪಂಪನನ್ನೇ ತೆಗೆದುಕೊಳ್ಳೋಣ. ಆದಿಪುರಾಣ ಮುಗಿದದ್ದು ಕ್ರಿ.ಶ. 941ರಲ್ಲಿ. ಅವನಿಗೆ ಬೆನ್ನುಪುಟದ ಸೌಕರ್ಯವಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ಕಾವ್ಯದ ಒಳಗೇ ಹೇಳಬೇಕು. ಹೇಳಿದ್ದಾನೆ, ಸ್ವಲ್ಪವೂ ಸಂಕೋಚವಿಲ್ಲದೆ. ಒಂದು ಕಡೆ ತನ್ನ ರೂಪವನ್ನೂ ವರ್ಣಿಸಿಕೊಳ್ಳುತ್ತಾನೆ: ಬಾಳೆಯ ತಿರುಳಿನ ಹಾಗಿರುವ ಮೈಬಣ್ಣ, ಮೆತ್ತನೆಯ ಗುಂಗುರು ಕೂದಲು, ತಾವರೆಯಂಥ ಮುಖ, ಹೆಚ್ಚು ಎತ್ತರವೂ ಅಲ್ಲದ ಗಿಡ್ಡವೂ ಅಲ್ಲದ ಮೈಕಟ್ಟು, ಹಿತವಾದ ಮಿತವಾದ ಮಾತು, ಅಂದವಾದ ಉಡುಪು. ಛಾಯಾಚಿತ್ರ ಬರುವುದಕ್ಕೆ ಒಂಬೈನೂರು ವರ್ಷ ಮೊದಲೇ ಕನ್ನಡದ ಆದಿಕವಿ ತನ್ನ ಭಾವಚಿತ್ರವನ್ನು ಪದ್ಯದಲ್ಲಿ ಅಂಟಿಸಿ ಹೋದ. ಒಂದು ಕಾವ್ಯವನ್ನು ಮೂರು ತಿಂಗಳಲ್ಲಿ, ಇನ್ನೊಂದನ್ನು ಆರು ತಿಂಗಳಲ್ಲಿ ಮುಗಿಸಿದೆ ಎಂದೂ ಹೇಳಿಕೊಂಡ. ನಾವು ಹೀಗೆ ಹೇಳಿಕೊಂಡರೆ ಜನ ನಗುತ್ತಾರೆ. ಪಂಪ ಹೇಳಿದರೆ ನಗಲಾಗುವುದಿಲ್ಲ, ಯಾಕೆಂದರೆ ಕಾವ್ಯ ಎದುರಿಗೇ ಇದೆ.

ಆದರೆ ನನಗೆ ಮುಖ್ಯವಾದದ್ದು ಆ ಗುಂಗುರು ಕೂದಲಲ್ಲ. ಪಂಪ ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡ ಜನ. ಮೊದಲಿಗೆ ದೊರೆ, ವೇಮುಲವಾಡದ ಚಾಲುಕ್ಯ ಅರಿಕೇಸರಿ. ಅವನನ್ನಂತೂ ವಿಕ್ರಮಾರ್ಜುನ ವಿಜಯದಲ್ಲಿ ಅರ್ಜುನನ ಜೊತೆಗೇ ಸೇರಿಸಿ ಹಾಡಿದ್ದಾನೆ. ಅವನು ಧರ್ಮವುರ ಎಂಬ ಅಗ್ರಹಾರ ಕೊಟ್ಟದ್ದನ್ನೂ ಮುಚ್ಚಿಡದೆ ಹೇಳಿದ್ದಾನೆ. ಇಂದಿನ ಲೇಖಕರು ಸಂಭಾವನೆಯ ಮೊತ್ತ ಹೇಳುತ್ತಾರೆಯೇ? ಆಮೇಲೆ ತನ್ನ ವಂಶ. ವೆಂಗಿ ನಾಡಿನ ಮಾಧವ ಸೋಮಯಾಜಿಯಿಂದ ಶುರುಮಾಡಿ ತಂದೆಯವರೆಗೆ ತಲೆಮಾರುಗಳನ್ನು ಎಣಿಸುತ್ತಾನೆ. ಅಲ್ಲೊಂದು ಎದೆಗಾರಿಕೆಯ ಮಾತಿದೆ. ಯಜ್ಞಗಳನ್ನು ಮಾಡಿಸಿ ಹೆಸರಾದ ಆ ಪೂರ್ವಜನ ಕೀರ್ತಿ ಹೋಮದ ಹೊಗೆಯಿಂದಲೇ ಕಪ್ಪಾಯಿತು ಎನ್ನುತ್ತಾನೆ ಪಂಪ. ತಂದೆ ಅಭಿರಾಮದೇವರಾಯ ಜೈನಧರ್ಮವನ್ನು ಹಿಡಿದವನು. ಮಗನ ನಿಲುವು ಆ ಕಡೆಗೆ. ಹಿರಿಯರ ಹೆಸರು ಹೇಳುವಾಗ ಹೊಗಳಿಕೆಯೊಂದೇ ಸಾಲದು, ನನ್ನ ನಿಲುವೂ ಗೊತ್ತಾಗಲಿ ಎಂದು ಓದುಗರಿಗೆ ತಿಳಿಸುವ ಈ ರೀತಿ ಇವತ್ತಿಗೂ ಅಪರೂಪ.

ಇಷ್ಟೆಲ್ಲ ಹೇಳಿದ ಪಂಪ ತಾಯಿಯ ಹೆಸರು ಹೇಳಲಿಲ್ಲ. ಎರಡು ಮಹಾಕಾವ್ಯಗಳಲ್ಲಿ ಎಲ್ಲೂ ಇಲ್ಲ. ನಮಗೆ ಅದು ಗೊತ್ತಾದದ್ದು ಕವಿಯಿಂದಲ್ಲ, ಒಂದು ಬಂಡೆಯಿಂದ. ಈಗಿನ ತೆಲಂಗಾಣದ ಕರೀಂನಗರ ಜಿಲ್ಲೆಯಲ್ಲಿ ಕುರಿಕ್ಯಾಲ, ಗಂಗಾಧರಂ ಎಂಬ ಊರುಗಳ ಬಳಿ ಬೊಮ್ಮಲಗುಟ್ಟ ಎಂಬ ಗುಡ್ಡವಿದೆ. ಅಲ್ಲಿ ಪಂಪನ ತಮ್ಮ ಜಿನವಲ್ಲಭ ಸಂಸ್ಕೃತ, ಕನ್ನಡ, ತೆಲುಗು, ಮೂರು ಭಾಷೆಗಳಲ್ಲಿ ಶಾಸನ ಬರೆಸಿದ. ತಾಯಿ ಅಬ್ಬಣಬ್ಬೆ, ಬೆಳ್ವೊಲ ನಾಡಿನ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳು ಎಂಬುದು ಆ ಶಾಸನದಲ್ಲಿದೆ. ಪಂಪನಿಗೆ ಕನ್ನಡ ಎಲ್ಲಿಂದ ಬಂತು, ವೆಂಗಿ ಮೂಲದವನಿಗೆ ಪುಲಿಗೆರೆಯ ತಿರುಳ್ಗನ್ನಡದ ಮೇಲೆ ಇಷ್ಟು ಮೋಹ ಹೇಗೆ ಎಂದು ಯೋಚಿಸುವವರಿಗೆ ಅಣ್ಣಿಗೇರಿಯ ಹೆಸರು ಸಣ್ಣ ಸಂಗತಿಯಲ್ಲ. ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ, ಅಣ್ಣಿಗೇರಿಯಿಂದ ದೂರವೇನಲ್ಲ. ಅಣ್ಣ ಕಾವ್ಯದಲ್ಲಿ ಬಿಟ್ಟದ್ದನ್ನು ತಮ್ಮ ಕಲ್ಲಿನಲ್ಲಿ ತುಂಬಿದ.

ಅದು ಆ ಕಾಲದ ಪದ್ಧತಿ, ಅಪ್ಪ ಅಜ್ಜಂದಿರ ಹೆಸರಷ್ಟೇ ಹೇಳುತ್ತಿದ್ದರು ಎಂದು ಕೆಲವರು ಪಂಪನ ಪರ ವಾದಿಸಬಹುದು. ಪೂರ್ತಿ ಒಪ್ಪಲಾರೆ. ಐವತ್ತು ವರ್ಷ ಮುಂದೆ ಬಂದರೆ ರನ್ನ ಸಿಗುತ್ತಾನೆ. 993ರಲ್ಲಿ ಅಜಿತಪುರಾಣ ಬರೆದ ರನ್ನ ತನ್ನ ಪರಿಚಯಕ್ಕೆ ಇಡೀ ಮನೆಯವರನ್ನು ಕರೆದು ನಿಲ್ಲಿಸುತ್ತಾನೆ. ಊರು ಮುದುವೊಳಲು, ಅಂದರೆ ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ. ಬಳೆಗಾರರ ಕುಲ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಅಣ್ಣಂದಿರ ಹೆಸರುಗಳಿವೆ. ಇಬ್ಬರು ಹೆಂಡಿರು, ಜಕ್ಕಿ ಮತ್ತು ಶಾಂತಿ. ಗುರು ಅಜಿತಸೇನಾಚಾರ್ಯ. ಮಗ ರಾಯ, ಮಗಳು ಅತ್ತಿಮಬ್ಬೆ.

ಆ ಮಕ್ಕಳ ಹೆಸರಲ್ಲಿ ಇನ್ನೂ ಇಬ್ಬರು ನಿಂತಿದ್ದಾರೆ. ಮಗನ ಹೆಸರು ಮೊದಲು ಆಶ್ರಯ ಕೊಟ್ಟ ಚಾವುಂಡರಾಯನ ನೆನಪಿಗೆ. ಮಗಳ ಹೆಸರು ಅಜಿತಪುರಾಣವನ್ನು ಬರೆಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಿಗೆ. ಅತ್ತಿಮಬ್ಬೆ ಯಾರೆಂದು ನಿಮಗೆ ಗೊತ್ತೇ ಇದೆ: ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಸಿ ಹಂಚಿದವಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು. ಇಂದು ಸಾವಿರ ಪ್ರತಿ ಅಚ್ಚು ಹಾಕಿಸಲು ಪ್ರಕಾಶಕರು ಎರಡು ಸಲ ಯೋಚಿಸುತ್ತಾರೆ; ಆಕೆ ಕೈಬರಹದಲ್ಲಿ ಮಾಡಿಸಿದಳು. ರನ್ನ ಆ ಋಣವನ್ನು ಅರ್ಪಣೆಯ ಪುಟಕ್ಕೆ ಬಿಡದೆ, ದಿನಾ ಕೂಗಿ ಕರೆಯುವ ಮಗಳ ಹೆಸರಲ್ಲಿಟ್ಟ.

ರನ್ನ ವಿನಯದ ಮುದ್ದೆ ಎಂದು ಭಾವಿಸಬೇಡಿ. ಸರಸ್ವತಿಯ ಭಂಡಾರದ ಮುದ್ರೆಯನ್ನು ಒಡೆದವನು ತಾನು ಎಂದು ಹೇಳಿಕೊಂಡ ಮನುಷ್ಯ ಅವನು. ನನ್ನ ಕೃತಿಯನ್ನು ಪರೀಕ್ಷಿಸುವವನಿಗೆ ಎಂಟು ಗುಂಡಿಗೆ ಇದೆಯೇ ಎಂದು ವಿಮರ್ಶಕರಿಗೇ ಸವಾಲು ಹಾಕಿದವನು. ಅದಕ್ಕೇ ಅವನ ಪರಿಚಯ ನನಗೆ ಇಷ್ಟ. ಜಂಬವನ್ನೂ ಬಿಡಲಿಲ್ಲ, ಬಳೆಗಾರರ ಮನೆಯನ್ನೂ ಬಿಡಲಿಲ್ಲ. ಇವತ್ತು ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು ಎಂಬ ಭ್ರಮೆ ಇದೆ. ಒಂದೋ ಪ್ರಶಸ್ತಿಗಳ ಮೆರವಣಿಗೆ, ಇಲ್ಲವೋ 'ಈ ಪಾಮರನ ಅಲ್ಪ ಪ್ರಯತ್ನ' ಎಂಬ ಕೈಮುಗಿತ. ಎರಡನೆಯದು ಮೊದಲನೆಯದಕ್ಕಿಂತಲೂ ಸುಳ್ಳು ಎಂದು ನನ್ನ ಅನುಮಾನ.

ವಿನಯದ ಮಾತು ಬಂತು, ಕುಮಾರವ್ಯಾಸನನ್ನು ನೆನೆಯದೆ ಮುಂದೆ ಹೋಗಲಾಗದು. ಕವಿ ನಾನಲ್ಲ, ಗದುಗಿನ ವೀರನಾರಾಯಣ. ನಾನು ಬರೆದುಕೊಳ್ಳುವವನು ಮಾತ್ರ ಎಂದು ಅವನ ಪರಿಚಯ. ಎಂಥ ವಿನಯ ಎಂದುಕೊಳ್ಳುವಷ್ಟರಲ್ಲಿ, ಹಲಗೆ ಬಳಪ ಹಿಡಿಯದೆ, ಬರೆದದ್ದನ್ನು ಅಳಿಸದೆ ಬರೆಯುವುದು ನನ್ನ ಹೆಚ್ಚುಗಾರಿಕೆ ಎನ್ನುತ್ತಾನೆ. ದೇವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರೆ ಆಗುವ ಅನುಕೂಲ ನೋಡಿ: ತಿದ್ದುಪಡಿಯೇ ಬೇಡ!

ವಚನಕಾರರದು ಇನ್ನೊಂದು ದಾರಿ. ಅಲ್ಲಿ ಪರಿಚಯವೆಲ್ಲ ಅಂಕಿತದಲ್ಲಿ ಮುಗಿಯಬೇಕು. ಬಸವಣ್ಣನ ಪಕ್ಕ ಕೂಡಲಸಂಗಮದೇವ, ಅಕ್ಕನ ಪಕ್ಕ ಚೆನ್ನಮಲ್ಲಿಕಾರ್ಜುನ, ಅಲ್ಲಮನ ಪಕ್ಕ ಗುಹೇಶ್ವರ. ಇವರ ನಡುವೆ ಅಂಬಿಗರ ಚೌಡಯ್ಯ ಯಾವ ದೇವರನ್ನೂ ಕರೆಯದೆ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಅವನ ಪಕ್ಕದಲ್ಲಿ ನಿಂತದ್ದು ಅವನ ಕಸುಬು. ಆಯ್ದಕ್ಕಿ ಲಕ್ಕಮ್ಮನ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನ ಹೆಸರನ್ನು ಮುಂದಿಟ್ಟಳು ಎಂದು ಸುಮ್ಮನೆ ಹೇಳಿಬಿಡಬಹುದು. ಆದರೆ ಆ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ಆಸೆ ನಮಗೇಕೆ, ಹೋಗಿ ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದವಳು ಇದೇ ಲಕ್ಕಮ್ಮ. ಪಕ್ಕದಲ್ಲಿ ನಿಲ್ಲಿಸಿಕೊಂಡವರ ಮಾತಿಗೆಲ್ಲ ತಲೆಯಾಡಿಸಬೇಕು ಎಂದೇನಿಲ್ಲ.

ಈಗ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬರೋಣ. ತನ್ನ ಪರಿಚಯವನ್ನೇ ಬಚ್ಚಿಟ್ಟ ಒಬ್ಬ ಲೇಖಕನ ಕಥೆ ಅದು. ಕಾರ್ಕಳದ ಸಮೀಪದ ನಂದಳಿಕೆಯವರು ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರು. ಮಕ್ಕಳಿಗೆ ಕವಾಯತು ಕಲಿಸುವ ಮೇಷ್ಟ್ರು. ರಾತ್ರಿ ಕೂತು ಹಳಗನ್ನಡದ ಗದ್ಯ ಬರೆಯುತ್ತಾರೆ. ಮೈಸೂರಿನಲ್ಲಿ ಆಗ ಎಸ್.ಜಿ. ನರಸಿಂಹಾಚಾರ್ಯರು, ಎಂ.ಎ. ರಾಮಾನುಜಯ್ಯಂಗಾರರು ಹಳೆಯ ಕಾವ್ಯಗಳನ್ನು ಹುಡುಕಿ ಹುಡುಕಿ ಅಚ್ಚು ಮಾಡುತ್ತಿದ್ದ ಕಾಲ. ಹಳೆಯದಕ್ಕೆ ಅಲ್ಲಿ ಸ್ವಾಗತ. ಕರಾವಳಿಯ ಡ್ರಿಲ್ ಮೇಷ್ಟರ ಹೊಸ ಕೃತಿಯನ್ನು ಯಾರು ಕೇಳುತ್ತಾರೆ? ಲಕ್ಷ್ಮೀನಾರಣಪ್ಪನವರು ಒಂದು ಉಪಾಯ ಮಾಡಿದರು. ತಾವು ಬರೆದದ್ದನ್ನು ಹಿಂದಿನ ಯಾರದೋ ಕೃತಿ, ತಮಗೆ ಸಿಕ್ಕಿತು ಎಂಬಂತೆ ಕಳಿಸಿದರು. ಅದ್ಭುತ ರಾಮಾಯಣ, ರಾಮಪಟ್ಟಾಭಿಷೇಕ, ಶ್ರೀರಾಮಾಶ್ವಮೇಧ, ಹೀಗೆ ಒಂದಾದ ಮೇಲೊಂದು ಅಚ್ಚಾದವು. ಪಂಡಿತರು ಮೆಚ್ಚಿದರು. 1901ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ಕ್ಷಯದಿಂದ ಅವರು ತೀರಿಕೊಂಡರು. ಶ್ರೀರಾಮಾಶ್ವಮೇಧದ ಕವಿ ಮುದ್ದಣನೆಂದರೆ ಇವರೇ ಎಂಬುದು ಲೋಕಕ್ಕೆ ತಿಳಿದದ್ದು ಆಮೇಲೆ.

ವಿಚಿತ್ರವೇನೆಂದರೆ, ಇಷ್ಟು ಗುಟ್ಟು ಮಾಡಿದ ಲೇಖಕ ತನ್ನನ್ನು ಕೃತಿಯ ಒಳಗೇ ತೆರೆದಿಟ್ಟಿದ್ದಾನೆ. ರಾಮಾಶ್ವಮೇಧದ ಕಥೆಯನ್ನು ಮುದ್ದಣ ತನ್ನ ಹೆಂಡತಿ ಮನೋರಮೆಗೆ ಹೇಳುತ್ತಾನೆ. ಮನೋರಮೆ ಸುಮ್ಮನೆ ಕೇಳುವವಳಲ್ಲ. ನಡುನಡುವೆ ಬಾಯಿ ಹಾಕುತ್ತಾಳೆ, ಸಂಸ್ಕೃತ ತುರುಕಿದರೆ ತಡೆಯುತ್ತಾಳೆ, ವರ್ಣನೆ ಉದ್ದವಾದರೆ ಆಕ್ಷೇಪಿಸುತ್ತಾಳೆ, ಗಂಡನ ಪಾಂಡಿತ್ಯವನ್ನು ಲೇವಡಿ ಮಾಡುತ್ತಾಳೆ. ಇಂದು ರಾಮಾಶ್ವಮೇಧದ ಮುಖ್ಯ ಕಥೆ ನೆನಪಿರುವವರು ಕಡಿಮೆ. ಮುದ್ದಣ ಮನೋರಮೆಯರ ಸಲ್ಲಾಪ ಗೊತ್ತಿಲ್ಲದ ಕನ್ನಡ ವಿದ್ಯಾರ್ಥಿ ಇಲ್ಲ. ಊರು ಹೇಳಲಿಲ್ಲ, ಕೆಲಸ ಹೇಳಲಿಲ್ಲ, ನಿಜವಾದ ಹೆಸರನ್ನೂ ಹೇಳಲಿಲ್ಲ. ತನ್ನ ಮಾತನ್ನು ಕೇಳಿ ತಿರುಗಿ ಕೇಳುವ ಒಬ್ಬ ಹೆಣ್ಣನ್ನು ಮಾತ್ರ ಪಕ್ಕದಲ್ಲಿ ಕೂರಿಸಿಕೊಂಡ. ಅಷ್ಟರಿಂದಲೇ ಅವನು ಎಂಥ ಬರಹಗಾರ ಎಂದು ನಮಗೆ ತಿಳಿದುಹೋಯಿತು.

ಹೆಣ್ಣೇ ಬರೆಯಲು ಕೂತಾಗ ಮಾತ್ರ ಈ ವಿಷಯ ಇಷ್ಟು ಸರಾಗವಾಗಿ ಸಾಗುವುದಿಲ್ಲ. ಕೊಡಗಿನ ಗೌರಮ್ಮ 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೆ ಬರಬೇಕೆಂದು ಉಪವಾಸ ಕೂತು ಸಾಧಿಸಿ, ಹರಿಜನ ನಿಧಿಗೆ ತಮ್ಮ ಒಡವೆಯನ್ನು ಕೊಟ್ಟ ಗಟ್ಟಿಗಿತ್ತಿ. ವಿಧವೆಯರ ಬಗ್ಗೆ, ಕೈಬಿಟ್ಟ ಹೆಂಡತಿಯರ ಬಗ್ಗೆ ಆ ಕಾಲಕ್ಕೆ ಧೈರ್ಯದ ಕಥೆಗಳನ್ನು ಬರೆದರು. ಆ ಕಥೆಗಳ ಕೆಳಗೆ ಅವರು ಹಾಕುತ್ತಿದ್ದ ಹೆಸರು ಮಿಸೆಸ್ ಬಿ.ಟಿ.ಜಿ. ಕೃಷ್ಣ. ಅದರಲ್ಲಿ ಗೌರಮ್ಮ ಎಲ್ಲೂ ಇಲ್ಲ. ಇನ್ನೂ ಮೂವತ್ತು ತುಂಬುವ ಮೊದಲೇ ನೀರಿನಲ್ಲಿ ಮುಳುಗಿ ತೀರಿಕೊಂಡರು. ಕಂಬನಿ, ಚಿಗುರು ಸಂಕಲನಗಳು ಆಮೇಲೆ ಬಂದವು. ಈಗ ನಾವು ಅವರನ್ನು ಕರೆಯುವುದು ಕೊಡಗಿನ ಗೌರಮ್ಮ ಎಂದು. ಗಂಡನ ಇನಿಷಿಯಲ್ ಇದ್ದ ಜಾಗದಲ್ಲಿ ಓದುಗರು ಒಂದು ನಾಡನ್ನೇ ತಂದು ನಿಲ್ಲಿಸಿದ್ದಾರೆ. ಆ ಗಂಡ ಕೆಟ್ಟವರೆಂದಲ್ಲ. ಬರೆಯಲು ಬಿಟ್ಟವರು, ಜೊತೆಗಿದ್ದವರು. ಆದರೂ ಹೆಸರೇ ಕಾಣದ ಹಾಗೆ ನಿಲ್ಲಬೇಕಾಗಿ ಬರುವುದು ಬೇರೆ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಳ್ಳುವುದು ಬೇರೆ.

ತ್ರಿವೇಣಿಯವರನ್ನು ನೋಡಿ. ಅನಸೂಯಾ ಶಂಕರ್, ಬಿ.ಎಂ. ಶ್ರೀಕಂಠಯ್ಯನವರ ತಮ್ಮನ ಮಗಳು. ನವೋದಯದ ಆಚಾರ್ಯಪುರುಷನ ಹೆಸರನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದರೆ ಯಾವ ಪತ್ರಿಕೆಯ ಬಾಗಿಲು ತೆರೆಯುತ್ತಿರಲಿಲ್ಲ? ಅವರು ದೊಡ್ಡಪ್ಪನನ್ನೂ ಗಂಡನನ್ನೂ ಮನೆಯಲ್ಲಿ ಬಿಟ್ಟು, ಒಂದೇ ಪದದ ಕಾವ್ಯನಾಮ ಹಿಡಿದು ಓದುಗರ ಮುಂದೆ ಬಂದರು. ಶರಪಂಜರ, ಬೆಕ್ಕಿನ ಕಣ್ಣು ಓದಿದವರು ತ್ರಿವೇಣಿಯನ್ನು ತ್ರಿವೇಣಿಯಾಗಿಯೇ ಬಲ್ಲರು. 1963ರಲ್ಲಿ ಮೂವತ್ತನಾಲ್ಕರ ವಯಸ್ಸಿಗೇ ಹೋದರೂ ಆ ಹೆಸರು ಹಾಗೇ ಉಳಿಯಿತು. ಯಾರನ್ನೂ ನಿಲ್ಲಿಸಿಕೊಳ್ಳದಿರುವುದೂ ಒಂದು ಆಯ್ಕೆ, ಕೆಲವು ಸಲ ಅದೇ ಸರಿಯಾದ ಆಯ್ಕೆ.

ಗಂಡಸರ ಕಾವ್ಯನಾಮಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಧಾರವಾಡದ್ದು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬ ಹೆಸರಲ್ಲಿ ತಂದೆ ಇದ್ದಾರೆ, ಮನೆತನ ಇದೆ, ತಾಯಿ ಇಲ್ಲ. ಕವಿತೆ ಬರೆಯುವಾಗ ಬೇಂದ್ರೆ ಇನ್ನೊಂದು ಹೆಸರು ಕಟ್ಟಿಕೊಂಡರು, ಅಂಬಿಕಾತನಯದತ್ತ. ಅಂಬಿಕೆಯ ಮಗ ದತ್ತ. ಚಿಕ್ಕ ವಯಸ್ಸಿಗೇ ತಂದೆಯನ್ನು ಕಳೆದುಕೊಂಡ ಮಗ ತಾಯಿಯನ್ನು ಮುಂದೆ ಮಾಡಿ, ತಾನು ಹಿಂದೆ ನಿಂತ. ಮಾಸ್ತಿಯವರ ಶ್ರೀನಿವಾಸ, ಗೋಕಾಕರ ವಿನಾಯಕ, ಪಂಜೆಯವರ ಕವಿಶಿಷ್ಯ, ಇವೆಲ್ಲ ಒಳ್ಳೆಯ ಹೆಸರುಗಳೇ. ಕುವೆಂಪು ಎಂಬ ಮೂರಕ್ಷರದಲ್ಲಿ ಕುಪ್ಪಳಿಯೂ ಉಂಟು, ತಂದೆ ವೆಂಕಟಪ್ಪನವರೂ ಉಂಟು, ಪುಟ್ಟಪ್ಪನವರು ಕೊನೆಗೆ. ಜಿ.ಪಿ. ರಾಜರತ್ನಂ ಅವರಂತೂ ಹೆಂಡ ಮುಟ್ಟದೆ ಯೆಂಡ್ಕುಡ್ಕ ರತ್ನನನ್ನು ತಮ್ಮ ಬದಲಿಗೇ ಕಳಿಸಿಬಿಟ್ಟರು. ಆದರೂ ತಾಯಿಯನ್ನು ಮುಂದೆ ನಿಲ್ಲಿಸಿದ ಆ ಧಾರವಾಡದ ಸಹಿಯೇ ನನಗೆ ಹೆಚ್ಚು.

ಹೊಸಬರಿಗೆ ಇದರಿಂದ ಏನುಪಯೋಗ ಎಂದರೆ, ಪರಿಚಯ ಬರೆಯಿರಿ ಎಂದಾಗ 'ಇವರು' ಎಂದು ಶುರುಮಾಡದೆ 'ನಾನು' ಎಂದೇ ಶುರುಮಾಡಿ. ಓದುಗರು ಹೊಸ ಲೇಖಕರ ಜನ್ಮದಿನಾಂಕ ಕೇಳುವುದಿಲ್ಲ. ಯಾವ ಊರಿನ ಮಾತು ನಿಮ್ಮ ಕಿವಿಯಲ್ಲಿದೆ, ಹೊಟ್ಟೆಪಾಡಿಗೆ ಏನು ಮಾಡುತ್ತೀರಿ, ಬರೆದದ್ದನ್ನು ಮೊದಲು ಓದಿ ಇದು ಚೆನ್ನಾಗಿಲ್ಲ ಎಂದು ಹೇಳುವ ಮನುಷ್ಯ ಯಾರು, ಇದನ್ನು ಹೇಳಿ. ಯಾರ ಪುಸ್ತಕ ಓದಿ ನನಗೂ ಬರೆಯಬೇಕು ಅನ್ನಿಸಿತು ಎಂದು ಹೇಳಿ. ಓದದ ಪುಸ್ತಕದ ಹೆಸರನ್ನು ಮಾತ್ರ ಹಾಕಬೇಡಿ, ಓದುಗರು ಬೇಗ ಹಿಡಿದುಬಿಡುತ್ತಾರೆ. ಮನೆಯವರ ಹೆಸರನ್ನು ಹಾಕುವ ಮೊದಲು ಅವರನ್ನೊಂದು ಮಾತು ಕೇಳಿ. ರನ್ನ ಜಕ್ಕಿ, ಶಾಂತಿಯರನ್ನು ಕೇಳಿದ್ದನೋ ಇಲ್ಲವೋ, ಕಾಲ ಈಗ ಬದಲಾಗಿದೆ. ಕಾವ್ಯನಾಮದ ಹಿಂದೆ ನಿಲ್ಲಬೇಕಾದ ಪರಿಸ್ಥಿತಿ ನಿಮ್ಮದಾಗಿದ್ದರೆ ನಾಚಿಕೆಪಡದೆ ನಿಲ್ಲಿ. ಡ್ರಿಲ್ ಮೇಷ್ಟರೂ ಹಾಗೇ ನಿಂತವರು.

ಇಷ್ಟು ಹೊತ್ತು ಮಾತಾಡಿದ ಈ ಮನುಷ್ಯ ಯಾರು ಎಂದು ನೀವು ಕೇಳುವುದು ನ್ಯಾಯ. ಆಕಾಶವಾಣಿಯ ಉದ್ಘೋಷಕರು ಆರಂಭದಲ್ಲಿ ನನ್ನ ಹೆಸರು, ಹುದ್ದೆ ಹೇಳಿದ್ದಾರೆ. ಆ ಚೀಟಿಯನ್ನು ಬರೆದುಕೊಟ್ಟವನೂ ನಾನೇ, ಅದರಲ್ಲೂ 'ಇವರು' ಎಂದೇ ಇತ್ತು. ಈಗ ಬೇರೆ ರೀತಿ ಹೇಳುತ್ತೇನೆ. ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಬೆಳೆದವನು. ಅಚ್ಚುಮೊಳೆಯ ಮುದ್ರಣಾಲಯವೊಂದು ನಮ್ಮ ಬೀದಿಯಲ್ಲಿತ್ತು, ಮದುವೆ ಕರೆಯೋಲೆ, ರಸೀದಿ ಪುಸ್ತಕ ಅಲ್ಲಿನ ಮುಖ್ಯ ಕೆಲಸ. ಮೊಳೆ ಜೋಡಿಸುವ ಕಂಪೋಸಿಟರ್ ಒಬ್ಬರು ನನ್ನ ಮೊದಲ ಲೇಖನವನ್ನು ಜೋಡಿಸುತ್ತ, ಒಂದೇ ವಾಕ್ಯದಲ್ಲಿ ನಾಲ್ಕು 'ಮತ್ತು' ಹಾಕಿದ್ದೀಯಲ್ಲೋ, ನನ್ನ ಕೇಸಿನಲ್ಲಿ ಅಷ್ಟು ಒತ್ತಕ್ಷರ ಇಲ್ಲ, ಎರಡು ತೆಗೆದುಕೊಡು ಎಂದರು. ತೆಗೆದೆ. ವಾಕ್ಯ ನೆಟ್ಟಗಾಯಿತು. ಅವರು ಹೇಳಿದ್ದು ಮೊಳೆಯ ಅಭಾವವೋ ಗದ್ಯದ ಪಾಠವೋ ನನಗೆ ಇವತ್ತಿಗೂ ಗೊತ್ತಿಲ್ಲ, ಆದರೆ ನಾನು ಕಲಿತ ಗದ್ಯ ಅಷ್ಟೇ. ನನ್ನ ಬರಹವನ್ನು ಮೊದಲು ಓದುವವಳು ನನ್ನ ಹೆಂಡತಿ. ಆಕೆ ಗಣಿತದ ಮೇಷ್ಟ್ರು, ಉಪಮೆ ಕಂಡರೆ ಕೆಂಪು ಗೆರೆ ಎಳೆಯುತ್ತಾಳೆ. ಈ ಭಾಷಣದಲ್ಲೂ ಎಳೆದಿದ್ದಾಳೆ. ಪ್ರಶಸ್ತಿಗಳ ಬಗ್ಗೆ ಹೇಳಲು ಆಕಾಶವಾಣಿ ಕೊಟ್ಟ ಸಮಯ ಸಾಲದು ಎನ್ನಬೇಕೆಂದಿದ್ದೆ. ನಿಜ ಹೇಳಬೇಕೆಂದರೆ ಸಮಯ ಇನ್ನೂ ಅರ್ಧ ನಿಮಿಷ ಉಳಿದಿದೆ, ಪ್ರಶಸ್ತಿಗಳೇ ಇಲ್ಲ.